ಭದ್ರತಾ ಬಾಂಡಿನ ರಿಯಾಯಿತಿ ಯಾರಿಗೆ?

2024ರ ಮಾರ್ಚ್ 25ರಂದು ನ್ಯೂಯಾರ್ಕಿನ ಮೇಲ್ಮನವಿ ನ್ಯಾಯಾಲಯವು ಡೊನಾಲ್ಡ್ ಟ್ರಂಪ್ ಅವರಿಗೆ ಬಹುದೊಡ್ಡ ರಿಯಾಯಿತಿಯೊಂದನ್ನು ನೀಡಿತು. ವಂಚನೆಯ ಸಿವಿಲ್ ಮೊಕದ್ದಮೆಯಲ್ಲಿ ಅವರು ತೆರಬೇಕಿದ್ದುದು ಬಡ್ಡಿ ಸಹಿತ 45.4 ಕೋಟಿ ಡಾಲರ್. ಮೇಲ್ಮನವಿ ಇತ್ಯರ್ಥವಾಗುವವರೆಗೆ ವಸೂಲಾತಿಗೆ ತಡೆ ಬೇಕಿದ್ದರೆ 17.5 ಕೋಟಿ ಡಾಲರಿನ ಬಾಂಡ್ ಸಾಕು, ಅದಕ್ಕೂ ಹತ್ತು ದಿನಗಳ ಅವಕಾಶವಿದೆ ಎಂದಿತು ನ್ಯಾಯಾಲಯ. ಮಾಧ್ಯಮಗಳು ಇದನ್ನು ಒಬ್ಬ ರಾಜಕಾರಣಿಯ ಸೋಲು ಗೆಲುವುಗಳ ಲೆಕ್ಕದಲ್ಲಿ ಅಳೆದವು. ಆದರೆ ಇದನ್ನು ನ್ಯಾಯದ ತಕ್ಕಡಿಯಲ್ಲಿಟ್ಟು ನೋಡಬೇಕೆಂಬುದು ನಮ್ಮ ಅಭಿಪ್ರಾಯ.

ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಲೆಟಿಶಿಯಾ ಜೇಮ್ಸ್ 2022ರ ಸೆಪ್ಟೆಂಬರಿನಲ್ಲಿ ಈ ಮೊಕದ್ದಮೆಯನ್ನು ಹೂಡಿದ್ದರು. ಆಸ್ತಿಯ ಮೌಲ್ಯವನ್ನು ಹಿಗ್ಗಿಸಿ ತೋರಿಸಿ ಬ್ಯಾಂಕುಗಳಿಂದ ಕಡಿಮೆ ಬಡ್ಡಿಗೆ ಸಾಲ ಪಡೆಯಲಾಗಿದೆ ಎಂಬುದು ಆರೋಪ. ಸುಮಾರು 11 ಸಾವಿರ ಚದರಡಿಯ ಮನೆಯನ್ನು 30 ಸಾವಿರ ಚದರಡಿ ಎಂದು ಕಾಗದದಲ್ಲಿ ಬರೆದದ್ದು ಅದಕ್ಕೊಂದು ಉದಾಹರಣೆ. ಸಾಲವೆಲ್ಲ ತೀರಿದೆ, ಯಾರಿಗೂ ನಷ್ಟವಾಗಿಲ್ಲ ಎಂದು ಪ್ರತಿವಾದಿಗಳು ವಾದಿಸಿದರು. ನ್ಯಾಯಾಧೀಶ ಆರ್ಥರ್ ಎಂಗೊರಾನ್ ಅದನ್ನೊಪ್ಪದೆ 2024ರ ಫೆಬ್ರವರಿ 16ರಂದು ಟ್ರಂಪ್ ವಿರುದ್ಧ ಸುಮಾರು 35.5 ಕೋಟಿ ಡಾಲರಿನ ತೀರ್ಪಿತ್ತರು. ಅದಕ್ಕೆ ವಾರ್ಷಿಕ ಶೇ. 9ರ ಬಡ್ಡಿಯೂ ಸೇರಿತು.

ತೀರ್ಪಿನ ವಿರುದ್ಧ ಮೇಲ್ಮನವಿ ಸಲ್ಲಿಸುವುದು ಸೋತವನ ಹಕ್ಕು. ಆದರೆ ಆ ಅವಧಿಯಲ್ಲಿ ಅವನು ಆಸ್ತಿಯನ್ನು ಕರಗಿಸಿಬಿಟ್ಟರೆ ಗೆದ್ದವನಿಗೆ ಉಳಿಯುವುದು ಬರಿಯ ಕಾಗದ. ಆದ್ದರಿಂದಲೇ ಹಣವನ್ನು ಠೇವಣಿ ಇಡಬೇಕು, ಇಲ್ಲವೇ ಇನ್ನೊಬ್ಬರು ಹೊಣೆ ನಿಲ್ಲಬೇಕು ಎಂಬ ನಿಯಮವಿದೆ. ನಮ್ಮ ದೇಶದ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲೂ ಇಂತಹ ವ್ಯವಸ್ಥೆಯಿದೆ. ಫಿಕ್ಹ್ ಗ್ರಂಥಗಳಲ್ಲಿ ಇದಕ್ಕೆ ಕಫಾಲತ್ ಎಂದು ಹೆಸರು. ಮೂವತ್ತು ಸಂಸ್ಥೆಗಳನ್ನು ಕೇಳಿದರೂ ಪೂರ್ಣ ಮೊತ್ತಕ್ಕೆ ಹೊಣೆ ನಿಲ್ಲುವವರು ಸಿಗಲಿಲ್ಲ ಎಂದು ಟ್ರಂಪ್ ಅವರ ವಕೀಲರು ಅರಿಕೆ ಮಾಡಿಕೊಂಡರು. ಒಂದೇ ವಾರದಲ್ಲಿ ಪರಿಹಾರ ದೊರೆಯಿತು.

ಈ ರಿಯಾಯಿತಿ ತಪ್ಪೇ? ಅಲ್ಲವೆಂದೇ ನಾವು ಹೇಳುತ್ತೇವೆ. ಬಾಂಡಿನ ಉದ್ದೇಶ ಗೆದ್ದವನ ಹಕ್ಕನ್ನು ಕಾಯುವುದೇ ಹೊರತು ಸೋತವನ ಮುಂದೆ ಮೇಲ್ಮನವಿಯ ಬಾಗಿಲನ್ನು ಮುಚ್ಚುವುದಲ್ಲ. 2025ರ ಆಗಸ್ಟ್ 21ರಂದು ಅದೇ ಮೇಲ್ಮನವಿ ನ್ಯಾಯಾಲಯವು, ಐವರು ನ್ಯಾಯಾಧೀಶರಲ್ಲಿ ಒಮ್ಮತವಿಲ್ಲದಿದ್ದರೂ, ವಂಚನೆಯ ನಿರ್ಣಯವನ್ನು ಉಳಿಸಿಕೊಂಡು, ದಂಡ ವಿಪರೀತವಾಯಿತೆಂಬ ಕಾರಣಕ್ಕೆ ಹಣದ ಆದೇಶವನ್ನು ರದ್ದುಪಡಿಸಿತು. ರಾಜ್ಯದ ಅತ್ಯುನ್ನತ ನ್ಯಾಯಾಲಯದ ಬಾಗಿಲನ್ನು ಅದು ತೆರೆದೇ ಇಟ್ಟಿತು. 2024ರಲ್ಲೇ ಕಟ್ಟಡಗಳನ್ನು ಮುಟ್ಟುಗೋಲು ಹಾಕಿ ಮಾರಿದ್ದರೆ ಅವುಗಳನ್ನು ಮರಳಿ ಕೊಡಿಸುವುದು ಸುಲಭವಿತ್ತೇ?

ಹಾಗಾದರೆ ನಮ್ಮ ತಕರಾರು ಏನು? ಈ ಕನಿಕರ ಯಾರ ಬಾಗಿಲಿಗೆ ಬೇಗ ತಲುಪುತ್ತದೆ ಎಂಬುದು. ಮಧ್ಯಪ್ರದೇಶದ ಗಾರೆ ಕೆಲಸಗಾರ ಮೋತಿರಾಮನಿಗೆ ಸುಪ್ರೀಂ ಕೋರ್ಟ್ ಜಾಮೀನು ನೀಡಿತ್ತು. ಕೆಳ ನ್ಯಾಯಾಲಯವು ಹತ್ತು ಸಾವಿರ ರೂಪಾಯಿಯ ಶೂರಿಟಿ ಕೇಳಿತು. ಸಹೋದರ ಮುಂದೆ ಬಂದಾಗ, ಅವನ ಆಸ್ತಿ ಬೇರೆ ಜಿಲ್ಲೆಯದೆಂದು ತಿರಸ್ಕರಿಸಿತು. ಆತ ಮತ್ತೆ ಸುಪ್ರೀಂ ಕೋರ್ಟಿಗೇ ಹೋಗಬೇಕಾಯಿತು. 1978ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ಪೀಠವು ಒಂದು ಸಾವಿರ ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಬಿಡುಗಡೆಗೆ ಆದೇಶಿಸಿತು. ಆ ಬಳಿಕ ನಾಲ್ಕು ದಶಕಗಳು ಕಳೆದರೂ ರೋಗ ವಾಸಿಯಾಗಲಿಲ್ಲ. 2023ರ ಜನವರಿ 31ರಂದು ಸುಪ್ರೀಂ ಕೋರ್ಟ್ ಮತ್ತೆ ನಿರ್ದೇಶನ ನೀಡಬೇಕಾಯಿತು: ಜಾಮೀನು ಸಿಕ್ಕಿ ಒಂದು ತಿಂಗಳಾದರೂ ಬಾಂಡ್ ಸಲ್ಲಿಸಲಾಗದಿದ್ದರೆ ನ್ಯಾಯಾಲಯವು ತಾನಾಗಿಯೇ ಷರತ್ತು ಸಡಿಲಿಸುವ ಬಗ್ಗೆ ಪರಿಶೀಲಿಸಬಹುದು. ಒಬ್ಬರಿಗೆ ಕೋಟಿಗಟ್ಟಲೆ ಕಡಿತ ವಾರದೊಳಗೆ; ಇನ್ನೊಬ್ಬರಿಗೆ ಕೆಲವು ಸಾವಿರಕ್ಕಾಗಿ ತಿಂಗಳುಗಟ್ಟಲೆ ಸೆರೆ. ಸಿವಿಲ್ ಮತ್ತು ಕ್ರಿಮಿನಲ್ ಕಾನೂನುಗಳು ಬೇರೆಬೇರೆ ಎಂಬುದನ್ನು ನಾವು ಬಲ್ಲೆವು. ಆದರೆ ಶಕ್ತಿ ಮೀರಿದ ಷರತ್ತು ಹಕ್ಕನ್ನೇ ಕಸಿಯುತ್ತದೆ ಎಂಬ ತತ್ವ ಎರಡಕ್ಕೂ ಒಂದೇ.

ಮಖ್ಝೂಮ್ ಗೋತ್ರದ ಪ್ರತಿಷ್ಠಿತ ಮಹಿಳೆಯೊಬ್ಬಳು ಕಳವು ಮಾಡಿದಾಗ ಅವಳ ಪರ ಶಿಫಾರಸು ಬಂತು. ಪ್ರತಿಷ್ಠಿತರನ್ನು ಬಿಟ್ಟು ದುರ್ಬಲರನ್ನು ಮಾತ್ರ ದಂಡಿಸಿದ್ದರಿಂದಲೇ ಹಿಂದಿನ ಜನಾಂಗಗಳು ನಾಶವಾದವೆಂದು ಪ್ರವಾದಿ(ಸ) ಎಚ್ಚರಿಸಿದರು. ಸಂಕಷ್ಟದಲ್ಲಿರುವ ಸಾಲಗಾರನಿಗೆ ಕಾಲಾವಕಾಶ ನೀಡುವಂತೆ ಅಲ್‌ಬಕರಃ ಅಧ್ಯಾಯ ಆದೇಶಿಸುತ್ತದೆ. ಅಂದರೆ ದಯೆಯೂ ಬೇಕು, ಸಮಾನತೆಯೂ ಬೇಕು.

ಇತರರನ್ನು ದೂರುವ ಮುನ್ನ ನಾವು ನಮ್ಮನ್ನೇ ವಿಮರ್ಶಿಸಿಕೊಳ್ಳೋಣ. ನಮ್ಮ ಮೊಹಲ್ಲಾದ ಯುವಕನೊಬ್ಬನಿಗೆ ಜಾಮೀನು ಸಿಕ್ಕರೆ, ಪಹಣಿ ಹಿಡಿದು ಹೊಣೆ ನಿಲ್ಲಲು ಎಷ್ಟು ಮಂದಿ ಮುಂದೆ ಬರುತ್ತಾರೆ? ಸಾಲ ಉಳಿಸಿ ತೀರಿಹೋದವರೊಬ್ಬರ ಜನಾಝ ನಮಾಝಿಗೆ ಪ್ರವಾದಿ(ಸ) ನಿಲ್ಲದಿದ್ದಾಗ, ಆ ಸಾಲದ ಹೊಣೆ ಹೊತ್ತವರು ಅಬೂ ಕತಾದ(ರ). ಆ ಪರಂಪರೆ ನಮ್ಮದು. ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ, 1987ರ ಪ್ರಕಾರ ಮಹಿಳೆಯರೂ ಬಂಧನದಲ್ಲಿರುವವರೂ ಆದಾಯದ ಮಿತಿಯಿಲ್ಲದೆ ಉಚಿತ ನೆರವಿಗೆ ಅರ್ಹರು. ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಇರುವ ಆ ಕಚೇರಿಯ ದಾರಿಯನ್ನು ನಮ್ಮ ಜಮಾಅತ್‌ಗಳು ಬಡವರಿಗೆ ತೋರಿಸಿಕೊಡಲಿ. ಬಾಂಡಿಗೆ ಗತಿಯಿಲ್ಲದೆ ಜೈಲಿನಲ್ಲಿ ಉಳಿದವರ ಪಟ್ಟಿಯನ್ನು ಪ್ರತಿ ಮಸೀದಿಯ ಸಮಿತಿಯೂ ಸಿದ್ಧಪಡಿಸಲಿ. ಅವರಲ್ಲಿ ನಮ್ಮವರು, ಇತರರು ಎಂಬ ಭೇದ ಬೇಡ. ಶ್ರೀಮಂತನಿಗೆ ಸಿಕ್ಕ ರಿಯಾಯಿತಿಯನ್ನು ಕಂಡು ಕರುಬುವುದರಿಂದ ಪ್ರಯೋಜನವಿಲ್ಲ. ಅದೇ ರಿಯಾಯಿತಿಯನ್ನು ಬಡವನಿಗೂ ಕೊಡಿಸುವುದೇ ನಮ್ಮ ಹೊಣೆ.