ಆಟಕ್ಕುಂಟು, ಲೆಕ್ಕಕ್ಕಿಲ್ಲದ ವಿಮಾನ

2025ರ ನವೆಂಬರಿನಲ್ಲಿ ಕೋಲ್ಕತ್ತದಿಂದ ಬೆಂಗಳೂರಿಗೆ ಒಂದು ವಿಮಾನ ಹೊರಟಿತು. ಆಕಾಶದಲ್ಲಲ್ಲ, ಹೆದ್ದಾರಿಯಲ್ಲಿ, ಟ್ರೇಲರ್ ಮೇಲೆ. ಬೋಯಿಂಗ್ 737-200, ನೋಂದಣಿ ವಿಟಿ-ಇಎಚ್‌ಎಚ್. 1982ರಲ್ಲಿ ಇಂಡಿಯನ್ ಏರ್‌ಲೈನ್ಸ್‌ಗೆ ಬಂದದ್ದು, ಆಮೇಲೆ ಅಲಯನ್ಸ್ ಏರ್‌ಗೆ ಹೋಯಿತು, ವಯಸ್ಸಾದ ಮೇಲೆ ಅಂಚೆ ಮೂಟೆ ಹೊತ್ತಿತು. 2012ರಲ್ಲಿ ಕೋಲ್ಕತ್ತ ವಿಮಾನ ನಿಲ್ದಾಣದ ಒಂದು ಮೂಲೆಯಲ್ಲಿ ನಿಂತಿತು. ಹದಿಮೂರು ವರ್ಷ ಅಲ್ಲೇ. ನಿಮ್ಮ ವಿಮಾನ ತೆಗೆದುಕೊಂಡು ಹೋಗಿ ಎಂದು ನಿಲ್ದಾಣದವರು ಹೇಳಿಕಳಿಸಿದಾಗಲೇ ಏರ್ ಇಂಡಿಯಾಕ್ಕೆ ಇದು ತನ್ನ ಸ್ವತ್ತು ಎಂದು ತಿಳಿದದ್ದು. ಮುಖ್ಯಸ್ಥರೇ ಸಿಬ್ಬಂದಿಗೆ ಬರೆದ ಪತ್ರದಲ್ಲಿ ಅದನ್ನು ಒಪ್ಪಿಕೊಂಡರು. ಇಷ್ಟು ವರ್ಷದ ನಿಲುಗಡೆ ಬಾಡಿಗೆಯೇ ಹೆಚ್ಚುಕಡಿಮೆ ಒಂದು ಕೋಟಿ ರೂಪಾಯಿ ಎಂದು ಪತ್ರಿಕೆಗಳಲ್ಲಿ ಬಂತು.

ದೇಶ ನಕ್ಕಿತು. ಪರ್ಸು ಮರೆಯುವವರಿದ್ದಾರೆ, ಕೊಡೆ ಮರೆಯುವವರಿದ್ದಾರೆ, ನೂರಡಿ ಉದ್ದದ ವಿಮಾನ ಮರೆಯುವುದೇ ಎಂದು ವಾಟ್ಸ್‌ಆ್ಯಪಿನಲ್ಲಿ ಎರಡು ದಿನ ತಮಾಷೆ ನಡೆಯಿತು. ನಾನೂ ನಕ್ಕೆ. ಆಮೇಲೆ ನಗು ನಿಂತಿತು. ಏಕೆಂದರೆ 2022ರ ಜನವರಿ 27ರಂದು ಏರ್ ಇಂಡಿಯಾವನ್ನು ಟಾಟಾ ಸಮೂಹಕ್ಕೆ ಒಪ್ಪಿಸಿದಾಗ ಚಮಚದಿಂದ ಹಿಡಿದು ಎಂಜಿನ್ನಿನವರೆಗೆ ಎಣಿಸಿ ಕೊಟ್ಟಿದ್ದೇವೆ ಎಂದು ನಾವೆಲ್ಲ ನಂಬಿದ್ದೆವು. ಎಣಿಕೆಗೆ ಒಂದು ಇಡೀ ವಿಮಾನವೇ ಸಿಕ್ಕಿಲ್ಲ ಎಂದಮೇಲೆ, ವಿಮಾನಕ್ಕಿಂತ ಚಿಕ್ಕದಾದ, ಕಪಾಟಿನಲ್ಲೋ ಗೋಣಿಚೀಲದಲ್ಲೋ ಇದ್ದ ವಸ್ತುಗಳ ಗತಿ ಏನು? ಲಾಗ್‌ಬುಕ್ಕು, ರಿಪೇರಿ ಕಡತ, ಸಿಬ್ಬಂದಿಯ ಸೇವಾ ಪುಸ್ತಕ, ತರಬೇತಿ ಶಾಲೆಯ ಫೋಟೋ, ಯೂನಿಯನ್ನಿನ ಕರಪತ್ರ, ಇವುಗಳ ಬಗ್ಗೆ ಕೇಳುವವರು ಯಾರು? ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಇಂಡಿಯನ್ ಏರ್‌ಲೈನ್ಸ್ ಯಾವುದೋ ಸೇಠರ ಕಂಪನಿಯಾಗಿರಲಿಲ್ಲ. 1953ರಲ್ಲಿ ಸಂಸತ್ತು ಕಾಯ್ದೆ ಮಾಡಿ, ಎಂಟು ವಿಮಾನ ಕಂಪನಿಗಳನ್ನು ಒಟ್ಟುಗೂಡಿಸಿ ಹುಟ್ಟಿಸಿದ ಸಂಸ್ಥೆ. ಮೊದಲ ದಿನ ಅದರ ಕೈಯಲ್ಲಿದ್ದದ್ದು 99 ವಿಮಾನ, ಅದರಲ್ಲಿ 74 ಯುದ್ಧಕಾಲದ ಡಕೋಟಾ. ಅಲ್ಲಿಂದ 1964ರ ಕ್ಯಾರವೆಲ್ ಜೆಟ್, ನಮ್ಮ ಎಚ್‌ಎಎಲ್ ಕಾನ್ಪುರದಲ್ಲಿ ಕಟ್ಟಿದ ಆವ್ರೊ, 1976ರ ಏರ್‌ಬಸ್. ಕಿತ್ತಳೆ ಬಣ್ಣದ ಬಾಲ, ಅದರ ಮೇಲೆ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯವರು ಬರೆದ 'ಐಎ' ಚಿಹ್ನೆ. ಮೊದಲ ಬಾರಿ ವಿಮಾನ ಹತ್ತಿದ ಕನ್ನಡಿಗರಲ್ಲಿ ನನ್ನ ವಯಸ್ಸಿನ ಮುಕ್ಕಾಲು ಪಾಲು ಜನ ಹತ್ತಿದ್ದು ಇದನ್ನೇ. ತಟ್ಟೆಯಲ್ಲಿ ಪೆಪ್ಪರಮಿಂಟು ಮತ್ತು ಹತ್ತಿ ತಂದು ಕೊಡುತ್ತಿದ್ದರು, ಕಿವಿ ಕಟ್ಟದಿರಲಿ ಅಂತ. ಪೆಪ್ಪರಮಿಂಟು ಜೇಬಿಗೆ ಹೋಗುತ್ತಿತ್ತು, ಮನೆಯ ಮಕ್ಕಳಿಗೆ. 2007ರಲ್ಲಿ ಆ ಸಂಸ್ಥೆಯನ್ನು ಏರ್ ಇಂಡಿಯಾದೊಳಗೆ ಕರಗಿಸಿದರು. 2011ರಲ್ಲಿ ವಿಮಾನ ಸಂಖ್ಯೆಯ ಮುಂದಿದ್ದ 'ಐಸಿ' ಎಂಬ ಎರಡಕ್ಷರವೂ ಹೋಯಿತು. ಹನ್ನೊಂದು ವರ್ಷದ ನಂತರ ಕರಗಿಸಿಕೊಂಡ ಪಾತ್ರೆಯನ್ನೇ ಮಾರಿದರು.

ಮಾರಿದ್ದು ಸರಿಯೇ ತಪ್ಪೇ ಎಂಬುದು ನನ್ನ ಇವತ್ತಿನ ಜಗಳವಲ್ಲ. ಅರುವತ್ತು ಸಾವಿರ ಕೋಟಿ ದಾಟಿದ ಸಾಲ ಹೊತ್ತುಕೊಂಡು ಎಷ್ಟು ದಿನ ಕೂರುವುದು ಎಂಬ ವಾದಕ್ಕೆ ತೂಕವಿದೆ. ಜಗಳ ಇರುವುದು ಮಾರುವಾಗ ಏನನ್ನು ಎತ್ತಿಟ್ಟುಕೊಂಡರು, ಏನನ್ನು ಬಿಟ್ಟರು ಎಂಬಲ್ಲಿ.

ಎತ್ತಿಟ್ಟುಕೊಂಡದ್ದು ಚಿತ್ರಗಳನ್ನು. ಏರ್ ಇಂಡಿಯಾ ದಶಕಗಳಿಂದ ಕೂಡಿಹಾಕಿದ್ದ ಕಲಾಸಂಗ್ರಹವನ್ನು ಮಾರಾಟದಿಂದ ಹೊರಗಿಟ್ಟು, 2023ರಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗೆ ಕೊಡುವ ಒಪ್ಪಂದವಾಯಿತು. ನಾಲ್ಕು ಸಾವಿರಕ್ಕೂ ಹೆಚ್ಚು ಕೃತಿಗಳು. ಒಳ್ಳೆಯದೇ ಆಯಿತು. 1967ರಲ್ಲಿ ಸಾಲ್ವಡಾರ್ ಡಾಲಿ ಇವರಿಗೆ ಒಂದು ಆ್ಯಶ್‌ಟ್ರೇ ಮಾಡಿಕೊಟ್ಟು, ಕೂಲಿಗೆ ಬದಲಾಗಿ ಆನೆಮರಿ ಕೇಳಿದ. ಆ ಮರಿಯನ್ನು ನಮ್ಮ ಬೆಂಗಳೂರಿನಿಂದಲೇ ವಿಮಾನದಲ್ಲಿ ಜಿನೀವಾಕ್ಕೆ ಸಾಗಿಸಿ, ಅಲ್ಲಿಂದ ಸ್ಪೇನಿಗೆ ಮುಟ್ಟಿಸಿದರು. ಆ್ಯಶ್‌ಟ್ರೇಯ ಕಥೆ ಎಲ್ಲರೂ ಹೇಳುತ್ತಾರೆ. ಆ ಆನೆಮರಿಗೆ ದಾರಿಯಲ್ಲಿ ನೀರು ಕುಡಿಸಿದವರು, ಸರಕಿನ ಕೋಣೆಯಲ್ಲಿ ಅದು ಅಲುಗಾಡದಂತೆ ಕಟ್ಟಿದ ಲೋಡರುಗಳು, ಅವರ ಹೆಸರು ಯಾವ ಪಟ್ಟಿಯಲ್ಲಿದೆ? ಸಂಗ್ರಹದ ವಿಷಯದಲ್ಲೂ ಪಟ್ಟಿ ಸರಿಯಾಗಿ ಇಡದಿದ್ದರೆ ಏನಾಗುತ್ತದೆ ಎಂಬುದು 2017ರಲ್ಲೇ ಗೊತ್ತಾಗಿತ್ತು: ಜತಿನ್ ದಾಸ್ ಬರೆದುಕೊಟ್ಟಿದ್ದ ಒಂದು ಚಿತ್ರ ಮಾರುಕಟ್ಟೆಯಲ್ಲಿ ಕಾಣಿಸಿಕೊಂಡಿತು. ಚಿತ್ರಕ್ಕೆ ಬೆಲೆ ಇದ್ದದ್ದರಿಂದ ಗದ್ದಲವಾಯಿತು. ಲಾಗ್‌ಬುಕ್ಕಿಗೆ ಬೆಲೆ ಕಟ್ಟುವವರಿಲ್ಲ, ಆದ್ದರಿಂದ ಅದು ಕಳೆದರೆ ಗದ್ದಲವೂ ಇಲ್ಲ.

ಗದ್ದಲ ಎಂದಾಗ ಇದೇ ಸಂಸ್ಥೆಯ ವಿಮಾನದ ಅಪಹರಣ ಕುರಿತ 2024ರ ಐಸಿ 814 ಧಾರಾವಾಹಿ ನೆನಪಾಗುತ್ತದೆ. ಅಪಹರಣಕಾರರು ಒಬ್ಬರನ್ನೊಬ್ಬರು ಭೋಲಾ, ಶಂಕರ್ ಎಂದು ಕರೆದುಕೊಳ್ಳುವುದನ್ನು ತೋರಿಸಿದ್ದಕ್ಕೆ ದೇಶವಿಡೀ ಹೊತ್ತಿ ಉರಿಯಿತು. ಸಚಿವಾಲಯ ನೆಟ್‌ಫ್ಲಿಕ್ಸ್‌ನವರನ್ನು ಕರೆಸಿತು, ಆರಂಭದ ಟಿಪ್ಪಣಿ ಬದಲಾಯಿತು. ಇತಿಹಾಸ ತಿರುಚಿದರು ಎಂದು ಕೂಗಿದವರಲ್ಲಿ ಒಬ್ಬರಾದರೂ, ಕಂದಹಾರಿನಲ್ಲಿ ವಾರಗಟ್ಟಲೆ ಎನಿಸುವಂಥ ಆ ದಿನಗಳನ್ನು ಕಳೆದ ವಿಮಾನ ಈಗ ಎಲ್ಲಿದೆ ಎಂದು ಕೇಳಿದರೇ? ಅದು ವಿಟಿ-ಇಡಿಡಬ್ಲ್ಯು, ಏರ್‌ಬಸ್ ಎ300. ಘಟನೆಯಾದ ಕೆಲವೇ ವರ್ಷಗಳಲ್ಲಿ ಮುಂಬಯಿಯಲ್ಲಿ ಗುಜರಿ ಸೇರಿತು. ಕ್ಯಾಪ್ಟನ್ ದೇವಿ ಶರಣ್, ಫ್ಲೈಟ್ ಎಂಜಿನಿಯರ್ ಅನಿಲ್ ಜಗ್ಗಿಯಾ ತಮ್ಮ ತಮ್ಮ ಪುಸ್ತಕ ಮಾಡಿದ್ದರಿಂದ ಕಾಕ್‌ಪಿಟ್ಟಿನ ಒಳಗಿನ ಮಾತು ನಮಗೆ ಉಳಿದಿದೆ. ಮೂಲ ವಸ್ತುವನ್ನು ಕೆಜಿ ಲೆಕ್ಕದಲ್ಲಿ ಕರಗಿಸಿದವರಿಗೆ ನಕಲಿನ ಮೇಲೆ ಇಷ್ಟು ಸಿಟ್ಟು ಬರುವುದು ನನಗೆ ವಿಚಿತ್ರವಾಗಿ ಕಾಣುತ್ತದೆ.

ನಮ್ಮ ರಸ್ತೆಯಲ್ಲಿ ಒಬ್ಬರು ನಿವೃತ್ತ ಮೆಕ್ಯಾನಿಕ್ ಇದ್ದಾರೆ. ಇಂಡಿಯನ್ ಏರ್‌ಲೈನ್ಸ್‌ನ ಶೀಟ್ ಮೆಟಲ್ ವಿಭಾಗ. ಹನ್ನೊಂದು ವರ್ಷ ದೆಹಲಿಯಲ್ಲಿ, ಉಳಿದದ್ದು ಬೆಂಗಳೂರಿನಲ್ಲಿ. ಅವರ ಮಂಚದ ಕೆಳಗೆ ಒಂದು ತಗಡಿನ ಟ್ರಂಕು. ಅದನ್ನು ಎಳೆದು ತೆಗೆದಾಗ ಮೊದಲು ಮೂಗಿಗೆ ಬಡಿಯುವುದು ನುಸಿಗುಳಿಗೆ, ಆಮೇಲೆ ಹಳೆಯ ಎಣ್ಣೆ. ಒಳಗೆ: ಮೂಲೆ ಸವೆದ ಪಾಸು, ಅಂಗೈಯಗಲದ ವೇಳಾಪಟ್ಟಿಗಳು, ಕೆಂಪು ಕಾರ್ಬನ್ ಹಾಳೆ ಇನ್ನೂ ಬೆರಳಿಗೆ ಹತ್ತುವ ಟಿಕೆಟ್ ಪುಸ್ತಿಕೆ, ಅವರೇ ಕೈಬರಹದಲ್ಲಿ ಇಟ್ಟುಕೊಂಡ ಮೂರು ನೋಟುಬುಕ್ಕು. ಯಾವ ವಿಮಾನದ ಯಾವ ಭಾಗಕ್ಕೆ ಯಾವ ದಿನ ತೇಪೆ ಹಾಕಿದೆ, ಎಷ್ಟು ರಿವೆಟ್ ಹೊಡೆದೆ, ಎಲ್ಲ ಇದೆ. ತೇಪೆ ಎಂದು ನಾನು ಹೇಳುತ್ತಿದ್ದೇನೆ, ಅವರು ಪ್ಯಾಚ್ ಎನ್ನುತ್ತಾರೆ. ಆವ್ರೊ ಏರುವಾಗ ಬೇಸಗೆಯಲ್ಲಿ ಎಂಜಿನ್ನಿಗೆ ನೀರು ಮತ್ತು ಮೆಥನಾಲ್ ಬೆರೆಸಿ ಚಿಮ್ಮಿಸಬೇಕಿತ್ತು, ಇಲ್ಲದಿದ್ದರೆ ಬೆಂಗಳೂರಿನ ಎತ್ತರದಲ್ಲಿ ಬಲ ಸಾಲುತ್ತಿರಲಿಲ್ಲ ಎಂದು ಅವರು ಹೇಳುವಾಗ ಕೈ ತಾನಾಗಿ ಕವಾಟ ತಿರುಗಿಸುತ್ತದೆ. ನೋಟುಬುಕ್ಕುಗಳನ್ನು ಕೊಡಬೇಕೆಂದು ಒಂದು ಕಚೇರಿಗೆ ಹೋಗಿದ್ದರಂತೆ. "ಇದು ಆಫೀಷಿಯಲ್ ರೆಕಾರ್ಡ್ ಅಲ್ಲ, ಪರ್ಸನಲ್. ತಗೊಳ್ಳೋಕೆ ಕಾಲಂ ಇಲ್ಲ" ಅಂದರಂತೆ. ಕಾಲಂ ಇಲ್ಲ!

ನಿಜ ಹೇಳಬೇಕೆಂದರೆ ನನಗೆ ಲೋಹಕ್ಕಿಂತ ಈ ನೋಟುಬುಕ್ಕುಗಳ ಚಿಂತೆಯೇ ಹೆಚ್ಚು. ವಿಮಾನ ಹದಿಮೂರು ವರ್ಷ ಮಳೆಯಲ್ಲಿ ನೆನೆದರೂ ವಿಮಾನವಾಗಿಯೇ ಉಳಿಯಿತು. ಎಂಬತ್ತು ದಾಟಿದ ಮನುಷ್ಯನಿಗೆ ಹದಿಮೂರು ವರ್ಷ ಕಾಯಿ ಎನ್ನಲಾಗದು.

ಸಿಬ್ಬಂದಿಯ ಇತಿಹಾಸ ಎಂದರೆ ಬರೀ ಹಳೆಯ ನೆನಪಿನ ಹಪಹಪಿಯಲ್ಲ. ಹೈದರಾಬಾದಿನ ಡೆಕ್ಕನ್ ಏರ್‌ವೇಸ್, ಅಂದರೆ ಇಂಡಿಯನ್ ಏರ್‌ಲೈನ್ಸ್‌ನಲ್ಲಿ ಸೇರಿಹೋದ ಎಂಟರಲ್ಲೊಂದು, ಪ್ರೇಮ್ ಮಾಥುರ್ ಅವರನ್ನು ಪೈಲಟ್ ಆಗಿ ತೆಗೆದುಕೊಂಡಾಗ ದೇಶಕ್ಕೆ ಸ್ವಾತಂತ್ರ್ಯ ಬಂದು ಹೆಚ್ಚು ದಿನವಾಗಿರಲಿಲ್ಲ. 1985ರಲ್ಲಿ ಸೌದಾಮಿನಿ ದೇಶಮುಖ್ ಮತ್ತು ನಿವೇದಿತಾ ಭಾಸಿನ್ ಕೋಲ್ಕತ್ತ–ಸಿಲ್ಚರ್ ಮಾರ್ಗದಲ್ಲಿ ಫಾಕರ್ ಹಾರಿಸಿದರು, ಇಡೀ ಸಿಬ್ಬಂದಿ ಹೆಂಗಸರೇ. ಅದೇ ಕಾಲದಲ್ಲಿ, ಅದೇ ಸರ್ಕಾರಿ ವಿಮಾನಗಳಲ್ಲಿ, ಗಗನಸಖಿಯರ ಪಾಡೇ ಬೇರೆ ಇತ್ತು. ಏರ್ ಇಂಡಿಯಾದ ನಿಯಮ ಹೀಗಿತ್ತು: ಮೂವತ್ತೈದಕ್ಕೆ ನಿವೃತ್ತಿ; ಸೇರಿದ ನಾಲ್ಕು ವರ್ಷದೊಳಗೆ ಮದುವೆಯಾದರೆ ಹೊರಗೆ; ಮೊದಲ ಬಾರಿ ಬಸಿರಾದರೆ ಹೊರಗೆ. ನರ್ಗೀಶ್ ಮಿರ್ಜಾ ಮತ್ತಿತರರು ಸುಪ್ರೀಂ ಕೋರ್ಟಿಗೆ ಹೋದರು. 1981ರಲ್ಲಿ ಕೋರ್ಟು ಬಸಿರಿನ ನಿಯಮವನ್ನು ಕಿತ್ತೊಗೆಯಿತು, ಮದುವೆಯ ನಿಯಮವನ್ನು ಉಳಿಸಿತು. ಕಾನೂನು ಕಾಲೇಜಿನಲ್ಲಿ ಈ ತೀರ್ಪನ್ನು ಇಂದಿಗೂ ಪಾಠ ಮಾಡುತ್ತಾರೆ. ಮದುವೆ ಮುಚ್ಚಿಟ್ಟು ಹಾರಿದವರೆಷ್ಟು, ಸೊಂಟದ ಪಟ್ಟಿ ಬಿಗಿದು ತಿಂಗಳು ಎಣಿಸಿದವರೆಷ್ಟು, ಅದು ತೀರ್ಪಿನಲ್ಲಿ ಸಿಗುವುದಿಲ್ಲ. ಅವರನ್ನೇ ಕೂರಿಸಿ ಕೇಳಬೇಕು. ಆಗ ಇಪ್ಪತ್ತೈದಾಗಿದ್ದವರಿಗೆ ಈಗ ಎಪ್ಪತ್ತಾಗಿದೆ.

ಇದಕ್ಕೆಲ್ಲ ಎದುರು ಬರುವ ವಾದ ನನಗೆ ಬಾಯಿಪಾಠ. ನಷ್ಟದ ಕಂಪನಿ, ತಡವಾಗಿ ಹೊರಡುವ ವಿಮಾನ, ಸಿಡುಕು ಮುಖದ ಸಿಬ್ಬಂದಿ, ಅದಕ್ಕೊಂದು ಮ್ಯೂಸಿಯಂ ಬೇರೆ ಕೇಡು. ಇರಲಿ, ಸಿಡುಕು ಮುಖವೂ ಇತ್ತು, ನಾನೇ ಸಾಕ್ಷಿ. ಆದರೆ ಮ್ಯೂಸಿಯಂ ಎಂದರೆ ಸನ್ಮಾನದ ಶಾಲು ಹೊದಿಸುವ ಜಾಗವೇ? ಸಂಸ್ಥೆ ಹೇಗೆ ಕೆಟ್ಟಿತು, ಯಾವ ಸಚಿವರ ಕಾಲದಲ್ಲಿ ಎಷ್ಟು ವಿಮಾನಕ್ಕೆ ಆರ್ಡರ್ ಹೋಯಿತು, ಲಾಭದ ಮಾರ್ಗ ಯಾರ ಪಾಲಾಯಿತು, ಇದನ್ನು ತಿಳಿಯಬೇಕೆಂದರೂ ಕಡತ ಬೇಕು. 1990ರ ಫೆಬ್ರವರಿ 14ರಂದು ಬೆಂಗಳೂರಿನ ಎಚ್‌ಎಎಲ್ ರನ್‌ವೇಗೆ ಮೊದಲೇ, ಗಾಲ್ಫ್ ಮೈದಾನದಲ್ಲಿ ಇಳಿದು ಉರಿದ ಐಸಿ 605ರಲ್ಲಿ 92 ಜನ ಸತ್ತರು. ಹೊಸ ಎ320, ಕಂಪ್ಯೂಟರ್ ನಂಬಿದ ಕಾಕ್‌ಪಿಟ್. ಆ ಸಾವುಗಳಿಂದ ಕಲಿತ ಪಾಠ ಕೂಡ ಇದೇ ಸಂಸ್ಥೆಯ ಇತಿಹಾಸ. ಹೊಗಳುವವನಿಗಿಂತ ಬೈಯುವವನಿಗೇ ದಾಖಲೆ ಹೆಚ್ಚು ಬೇಕು.

ಇನ್ನು ಕೆಲವರು, ಟಾಟಾದವರು ಇಟ್ಟುಕೊಳ್ಳುತ್ತಾರೆ ಬಿಡಿ ಎನ್ನುತ್ತಾರೆ. ಜೆಆರ್‌ಡಿ 1932ರ ಅಕ್ಟೋಬರ್ 15ರಂದು ಕರಾಚಿಯಿಂದ ಜುಹುವಿಗೆ ಹಾರಿಸಿಕೊಂಡು ಬಂದ ಪುಟ್ಟ ಪುಸ್ ಮಾತ್‌ನ ಕಥೆ ಅವರ ಮನೆತನದ್ದು. ಪುಣೆಯಲ್ಲಿ ಅವರದೇ ಪತ್ರಾಗಾರವಿದೆ, ಚೆನ್ನಾಗಿ ನೋಡಿಕೊಳ್ಳುತ್ತಾರೆ. ಆದರೆ 1953ರಿಂದ 2022ರವರೆಗಿನ ಅರುವತ್ತೊಂಬತ್ತು ವರ್ಷ ತೆರಿಗೆದಾರನ ಮನೆತನದ್ದು. ಅದನ್ನು ಜತನ ಮಾಡಿ ಎಂದು ಕೊಂಡುಕೊಂಡವರನ್ನು ಕೇಳುವುದು, ಮಾರಿದ ಮನೆಯಲ್ಲಿ ನಮ್ಮ ಅಜ್ಜನ ಫೋಟೋಗೆ ಹೂ ಏರಿಸಿ ಎಂದು ಹೊಸ ಯಜಮಾನರಿಗೆ ಹೇಳಿದಂತೆ. ಫೋಟೋ ನಾವೇ ಇಳಿಸಿಕೊಂಡು ಬರಬೇಕಿತ್ತು.

ಕಾನೂನೂ ಇದೆ. 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಕೇಂದ್ರ ಸರ್ಕಾರದ ಅಧೀನದ ನಿಗಮಗಳಿಗೂ ಅನ್ವಯಿಸುತ್ತದೆ; ಮನಸ್ಸಿಗೆ ಬಂದಂತೆ ಕಡತ ನಾಶ ಮಾಡುವಂತಿಲ್ಲ. ಹಸ್ತಾಂತರದ ಹಿಂದಿನ ದಿನದವರೆಗೆ ಸೃಷ್ಟಿಯಾದ ಪ್ರತಿ ಹಾಳೆಯೂ ಆ ಕಾಯ್ದೆಯ ಅಡಿ ಬರುತ್ತದೆ ಎಂದು ನಾನು ವಾದಿಸುತ್ತೇನೆ. ನಾಗರಿಕ ವಿಮಾನಯಾನ ಸಚಿವಾಲಯ ಒಂದು ಪಟ್ಟಿ ಪ್ರಕಟಿಸಲಿ: ರಾಷ್ಟ್ರೀಯ ಪತ್ರಾಗಾರಕ್ಕೆ ಏನು ಹೋಯಿತು, ಹೊಸ ಮಾಲೀಕರ ಬಳಿ ಏನಿದೆ, ಗುಜರಿಗೆ ಏನು ಹೋಯಿತು. ಪುರಾವಸ್ತು ಕಾಯ್ದೆಯನ್ನು ನಂಬುವಂತಿಲ್ಲ, ಅದರಡಿ ಬರಲು ವಸ್ತುವಿಗೆ ನೂರು ವರ್ಷ ತುಂಬಬೇಕು. ಅದರ ಲೆಕ್ಕದಲ್ಲಿ ನಮ್ಮ 737 ಅಮೂಲ್ಯವಾಗುವುದು 2082ಕ್ಕೆ.

ದುಡ್ಡಿಲ್ಲ, ಜಾಗವಿಲ್ಲ ಎಂಬ ಮಾತನ್ನು ಒಡಿಶಾದವರು ಸುಳ್ಳು ಮಾಡಿದ್ದಾರೆ. ಬಿಜು ಪಟ್ನಾಯಕ್ ಅವರ ಕಳಿಂಗ ಏರ್‌ಲೈನ್ಸ್‌ನ ಡಕೋಟಾ ಕೋಲ್ಕತ್ತದ ಅದೇ ನಿಲ್ದಾಣದಲ್ಲಿ ದಶಕಗಳಿಂದ ತುಕ್ಕು ಹಿಡಿಯುತ್ತಿತ್ತು. 2023ರ ಜನವರಿಯಲ್ಲಿ ಬಿಚ್ಚಿ, ಲಾರಿಗಳಲ್ಲಿ ಭುವನೇಶ್ವರಕ್ಕೆ ತಂದರು. ದಾರಿಯುದ್ದಕ್ಕೂ ಜನ ನಿಂತು ನೋಡಿದರು. ಆಗ ಮುಖ್ಯಮಂತ್ರಿಯಾಗಿದ್ದವರು ಬಿಜು ಅವರ ಮಗ; ಅದರ ಹಿಂದೆ ಅಪ್ಪ–ಮಗನ ರಾಜಕೀಯವಿತ್ತು ಎನ್ನುವಿರಾ? ಇತ್ತು. ಇಂಡಿಯನ್ ಏರ್‌ಲೈನ್ಸ್‌ಗೆ ಮಗ ಇಲ್ಲ, ಅದೇ ಅದರ ಕಷ್ಟ. ನಮ್ಮಲ್ಲೇ ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ನೌಕಾಪಡೆಯ ಟುಪೊಲೆವ್ ತಂದು ಜೋಡಿಸಿಲ್ಲವೇ? ಬೆಂಗಳೂರಿನಲ್ಲಿ ಎಚ್‌ಎಎಲ್ ತನ್ನ ಸಂಗ್ರಹಾಲಯವನ್ನು 2001ರಿಂದ ನಡೆಸುತ್ತಿಲ್ಲವೇ? ಸಮವಸ್ತ್ರದ ವಿಮಾನಕ್ಕೆ ಸಿಗುವ ಮರ್ಯಾದೆ ಟಿಕೆಟ್ ವಿಮಾನಕ್ಕಿಲ್ಲ. ಅಮೆರಿಕದ ಪ್ಯಾನ್ ಆ್ಯಮ್ 1991ರಲ್ಲಿ ದಿವಾಳಿಯಾಗಿ ಮುಚ್ಚಿತು. ಅದರ ಕಾಗದಪತ್ರ ಮಯಾಮಿ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆ. ನಮ್ಮಲ್ಲಿ? ಲುಧಿಯಾನದಲ್ಲಿ ಒಂದು ಹಳೆಯ ಎ320 ಹೋಟೆಲಾಯಿತು. ದೆಹಲಿಯ ಹೊರವಲಯದಲ್ಲಿ ಇಂಡಿಯನ್ ಏರ್‌ಲೈನ್ಸ್‌ನ ಒಬ್ಬ ನಿವೃತ್ತ ಎಂಜಿನಿಯರ್ ಗುಜರಿಯ ಎ300 ಕೊಂಡು, ವಿಮಾನವನ್ನೇ ಹತ್ತದ ಬಡವರನ್ನು ಅದರಲ್ಲಿ ಕೂರಿಸಿ, ಬೆಲ್ಟು ಕಟ್ಟಿಸಿ, ಎಲ್ಲಿಗೂ ಹೋಗದ ಪ್ರಯಾಣ ಮಾಡಿಸಿದರು. ಸರ್ಕಾರಕ್ಕೆ ಹೊಳೆಯದ ಕೆಲಸ ಒಬ್ಬ ಪಿಂಚಣಿದಾರನಿಗೆ ಹೊಳೆಯಿತು.

ಬೆಂಗಳೂರಿಗೆ ಬಂದ 737ನ್ನು ನಿರ್ವಹಣಾ ಎಂಜಿನಿಯರುಗಳ ತರಬೇತಿಗೆ ಬಳಸುತ್ತಾರಂತೆ. ಬಳಸಲಿ; ಗುಜರಿಗಿಂತ ಸಾವಿರ ಪಾಲು ಮೇಲು. ಆದರೆ ತರಬೇತಿ ಎಂದರೆ ಬಿಚ್ಚುವುದು, ಬಿಚ್ಚಿದ್ದು ಪೂರ್ತಿ ಮರಳಿ ಕೂಡುವುದಿಲ್ಲ. ಈಗಲೇ ರಾಜ್ಯ ಸರ್ಕಾರ ಮಾತಾಡಿ ಒಂದು ಕರಾರು ಮಾಡಿಕೊಳ್ಳಲಿ: ಪಾಠ ಮುಗಿದ ಮೇಲೆ ಮೂತಿ, ಕಾಕ್‌ಪಿಟ್ಟು, ಬಾಲ ನಮ್ಮದು. ಇಡಲು ಹಳೆಯ ಎಚ್‌ಎಎಲ್ ನಿಲ್ದಾಣಕ್ಕಿಂತ ಸೂಕ್ತ ಜಾಗ ಬೇರೆ ಇಲ್ಲ, 2008ರ ಮೇ ತಿಂಗಳವರೆಗೆ ಈ ಊರಿನ ಜನ ಹಾರಿದ್ದು ಅಲ್ಲಿಂದಲೇ. ಅಲ್ಲಿಯವರೆಗೆ ಯಾವುದಾದರೂ ವಿಶ್ವವಿದ್ಯಾಲಯದ ಇತಿಹಾಸ ವಿಭಾಗ ನಾಲ್ಕು ಹುಡುಗರಿಗೆ ರೆಕಾರ್ಡರ್ ಕೊಟ್ಟು ವಿಮಾನಪುರ, ಜೀವನಬಿಮಾ ನಗರದ ಕಡೆ ಕಳಿಸಲಿ. ಇದಕ್ಕೆ ಕೇಂದ್ರದ ಅನುಮತಿ ಬೇಡ, ಟೆಂಡರೂ ಬೇಡ.

ಪತ್ರಿಕೆಯಲ್ಲಿ ಟ್ರೇಲರಿನ ಫೋಟೋ ಬಂದ ದಿನ ಮೆಕ್ಯಾನಿಕ್ ಯಜಮಾನರು ಅದನ್ನು ಕತ್ತರಿಸಿಟ್ಟುಕೊಂಡು ನಮ್ಮ ಮನೆಗೆ ಬಂದರು. ಕನ್ನಡಕ ಹಣೆಗೇರಿಸಿ ಫೋಟೋವನ್ನು ಮೂಗಿನ ಹತ್ತಿರ ಹಿಡಿದರು. "ಇಎಚ್‌ಎಚ್... ಇದರ ಹಿಂದಿನ ಬಾಗಿಲ ಕೆಳಗೆ ನಾನು ಹಾಕಿದ ಪ್ಯಾಚ್ ಇರಬೇಕು ಸಾರ್. ಇಲ್ಲಾ ಇಎಚ್‌ಜಿನೋ? ನನ್ನ ಬುಕ್ಕಲ್ಲಿ ಆ ವರ್ಷದ್ದು ಗೆದ್ದಲು ತಿಂದಿದೆ. ಲಾಗ್‌ಬುಕ್ ಸಿಕ್ಕಿದ್ರೆ ಹೇಳಿಬಿಡಬಹುದು." ನನ್ನ ಕಡೆ ನೋಡಿದರು. "ನೀವು ಪೇಪರಿಗೆ ಬರೆಯೋರು. ಅದು ಯಾರ ಹತ್ರ ಇದೆ ಅಂತ ಒಂದು ಮಾತು ಕೇಳಿ ನೋಡ್ತೀರಾ?"