ನಕಲಿಗೂ ಒಂದು ನೀತಿ

ಅಮೆರಿಕದ ಲಾಸ್ ವೇಗಾಸ್ ನಗರದಲ್ಲಿ ಕ್ಯಾಸಿನೊಗಳೆಂಬ ಜೂಜುಗೃಹಗಳಿವೆಯಷ್ಟೆ. ಅಲ್ಲಿ ಪಣಕ್ಕೆ ನಗದಿನ ಬದಲು ಬಣ್ಣದ ಬಿಲ್ಲೆಗಳನ್ನಿಡುವರು. ಅವುಗಳ ಮೇಲೆ ಜೂಜುಗೃಹದ ಹೆಸರೂ ಬೆಲೆಯೂ ಇರುತ್ತವೆ. 1952ರಲ್ಲಿ ತೆರೆದ ‘ಸ್ಯಾಂಡ್ಸ್’ 1996ರಲ್ಲಿ ನೆಲಸಮವಾಯಿತು. 1955ರ ‘ಡ್ಯೂನ್ಸ್’ 1993ರಲ್ಲಿ. ಕಟ್ಟಡಗಳು ಹೋದರೂ ಅವುಗಳ ಬಿಲ್ಲೆಗಳನ್ನು ಹಳೆಯ ನಾಣ್ಯಗಳಂತೆ ಸಂಗ್ರಹಿಸುವವರಿದ್ದಾರೆ. 1988ರಲ್ಲಿ ಅವರದೊಂದು ಸಂಘವೂ ಹುಟ್ಟಿತು. ಬೇಡಿಕೆಯಿದ್ದಲ್ಲಿ ನಕಲೂ ಹುಟ್ಟುವುದು ಲೋಕರೂಢಿ. ಜೂಜಿನ ಗುಣದೋಷಗಳ ವಿಚಾರ ಇಲ್ಲಿ ಬೇಡ. ಅಂಥ ಬಿಲ್ಲೆಯನ್ನು ಅನ್ಯರು ತಯಾರಿಸಬಹುದೆ ಎಂಬುದಷ್ಟೇ ಪ್ರಶ್ನೆ.

ನಡೆಯುತ್ತಿರುವ ಜೂಜುಗೃಹದ ಬಿಲ್ಲೆಯನ್ನು ನಕಲು ಮಾಡಿ ಪಣಕ್ಕಿಡುವುದು ಅಪರಾಧವೇ ಸರಿ. ಮುಚ್ಚಿದ ಜೂಜುಗೃಹದ ಮಾತು ಬೇರೆ. ಅಮೆರಿಕದ 1946ರ ವ್ಯಾಪಾರಚಿಹ್ನೆ ಕಾಯಿದೆಯಂತೆ, ಸತತ 3 ವರ್ಷ ಬಳಸದ ಚಿಹ್ನೆಯನ್ನು ಒಡೆಯನು ಕೈಬಿಟ್ಟನೆಂದು ಮೇಲ್ನೋಟಕ್ಕೆ ಭಾವಿಸಬಹುದು. 1978ಕ್ಕೆ ಮುಂಚೆ ಕೃತಿಸ್ವಾಮ್ಯದ ಸೂಚನೆಯಿಲ್ಲದೆ ಪ್ರಕಟವಾದ ಚಿತ್ರವೂ ಅಲ್ಲಿ ಸಾಮಾನ್ಯವಾಗಿ ಸಾರ್ವಜನಿಕರ ಸ್ವತ್ತು. ಆದರೆ ಕಟ್ಟಡ ಬಿದ್ದ ಮಾತ್ರಕ್ಕೆ ಹೆಸರು ಅನಾಥವಾಗದು. ‘ಸ್ಯಾಂಡ್ಸ್’ ಎಂಬ ಹೆಸರನ್ನು ಒಂದು ಕಂಪನಿ ಇಂದಿಗೂ ಹೊತ್ತಿದೆ. ಇನ್ನು ಹೆಸರು ನಿಜವಾಗಿಯೂ ಅನಾಥವಾದರೆ, ಬೇಲಿಯಿಲ್ಲದ ಹೊಲವನ್ನು ಯಾರು ಮೇಯಿಸಿದರೇನು ಎನ್ನುವವರುಂಟು.

ಈ ವಾದ ನನಗೆ ಒಪ್ಪಿಗೆಯಿಲ್ಲ. ಚಿಹ್ನೆಯಿರುವುದು ಒಡೆಯನಿಗಾಗಿ ಮಾತ್ರವಲ್ಲ, ಕೊಳ್ಳುವವನಿಗಾಗಿಯೂ ಹೌದು. ಅಕ್ಷರ ಬಾರದ ನನ್ನ ತಂದೆಯವರು ಚೀಲದ ಮೇಲಿನ ಚಿತ್ರವನ್ನು ನೋಡಿಯೇ ಬಿತ್ತನೆ ಬೀಜ ಕೊಳ್ಳುತ್ತಾರೆ. ಆ ಚಿತ್ರ ಸುಳ್ಳಾಡಿದರೆ ಕಂಪನಿಗೆ ಒಂದಿಷ್ಟು ಲಾಭ ತಪ್ಪೀತು. ತಂದೆಯವರಿಗೆ ತಪ್ಪುವುದು ವರ್ಷದ ಬೆಳೆ. ಒಡೆಯನ ಹಕ್ಕು ತೀರಿದರೂ ಕೊಳ್ಳುವವನ ಹಕ್ಕು ತೀರುವುದಿಲ್ಲ.

‘ನಕಲೆಂದು ಹೇಳಿಯೇ ಮಾರುತ್ತೇವೆ’ ಎಂದರೆ ಸಾಲದೆ? ಸಾಲದು. ಮೊದಲ ಗಿರಾಕಿಗೆ ಹೇಳಿದ ಮಾತು ಮೂರನೆಯ ಕೈಗೆ ಹೋಗುವಷ್ಟರಲ್ಲಿ ಮರೆಯಾಗುತ್ತದೆ. ವಸ್ತುವಿನ ಮೇಲೆ ಕೊರೆದ ಮಾತು ಉಳಿಯುತ್ತದೆ. ಅಮೆರಿಕದ 1973ರ ಕಾಯಿದೆಯೊಂದು ನಾಣ್ಯ, ಟೋಕನ್, ಪದಕಗಳ ಅನುಕರಣೆಗಳ ಮೇಲೆ ‘ಕಾಪಿ’ ಎಂಬ ಪದ ಸ್ಪಷ್ಟವಾಗಿ, ಅಳಿಯದಂತೆ ಇರಬೇಕೆಂದು ವಿಧಿಸಿದೆ. 2014ರ ತಿದ್ದುಪಡಿ ಮಾರುವವರನ್ನೂ ಹೊಣೆಗಾರರನ್ನಾಗಿಸಿತು.

ಜೂಜಿನ ಬಿಲ್ಲೆಗಳಿಗೂ ಈ ನ್ಯಾಯವೇ ಸಲ್ಲಬೇಕು. ಹಕ್ಕುದಾರನಿದ್ದರೆ ಅವನ ಒಪ್ಪಿಗೆ ಪಡೆಯಲಿ. ಇಲ್ಲದಿದ್ದರೆ ಧಾರಾಳವಾಗಿ ತಯಾರಿಸಲಿ. ಆದರೆ ನಕಲು ತಾನು ನಕಲೆಂಬುದನ್ನು ತನ್ನ ಮುಖದ ಮೇಲೆಯೇ ಹೇಳಲಿ. ಹಾಗೆ ಹೇಳಲು ಹಿಂಜರಿಯುವ ತಯಾರಕನು ಮಾರುತ್ತಿರುವುದು ಬಿಲ್ಲೆಯನ್ನಲ್ಲ, ಸುಳ್ಳನ್ನು.