ಬುತ್ತಿಯ ಹೊತ್ತಿನಲ್ಲಿ ಬೆಟ್ಟದ ಪಾಠ

ಮಲೆನಾಡಿನ ಯಾವುದೇ ತಾಲ್ಲೂಕು ಕಚೇರಿಗೆ ಮಧ್ಯಾಹ್ನ ಒಂದೂವರೆಯ ಸುಮಾರಿಗೆ ಹೋಗಿ ನೋಡಿ. ಸಾಹೇಬರು ಊಟಕ್ಕೆ ಹೋಗಿರುತ್ತಾರೆ. ಗುಮಾಸ್ತರೂ ಊಟಕ್ಕೆ ಹೋಗಿರುತ್ತಾರೆ. ಪಹಣಿಗೆಂದೋ, ಬಗರ್‌ಹುಕುಂ ಅರ್ಜಿಯ ಗತಿ ಏನಾಯಿತೆಂದು ವಿಚಾರಿಸಲೆಂದೋ ಮೊದಲ ಬಸ್ಸಿಗೆ ಹೊರಟು ಬಂದ ರೈತರು ಜಗಲಿಯ ಮೇಲೆ ಕುಳಿತಿರುತ್ತಾರೆ. ಕೆಲವರು ಬುತ್ತಿ ಬಿಚ್ಚುತ್ತಾರೆ. ಕೆಲವರು ಎಲೆ ಅಡಿಕೆ ಹಾಕಿಕೊಂಡು ಗೋಡೆಗೊರಗುತ್ತಾರೆ. ತಾಲ್ಲೂಕಿನ ಹತ್ತಾರು ಗುಡ್ಡಗಳ ಜನ ಹೀಗೆ ಒಂದೇ ಸೂರಿನಡಿ ಸೇರಿ, ಒಂದು ಗಂಟೆ ಕಾಲ ಸುಮ್ಮನೆ ಕಾಯುತ್ತಾರೆ.

ಆ ಒಂದು ಗಂಟೆಯನ್ನು ವಿಜ್ಞಾನಕ್ಕೆ ಕೊಡಬೇಕೆಂಬುದು ನಮ್ಮ ಸಲಹೆ. ಘಟ್ಟದ ಮಣ್ಣು, ಮಳೆ, ಕಾಡು, ಹೊಳೆ ಇವುಗಳ ಬಗ್ಗೆ ಬಲ್ಲವರು ತಾಲ್ಲೂಕು ಕೇಂದ್ರಗಳಿಗೆ, ಸಂತೆಗಳಿಗೆ, ಕಾಫಿ ಎಸ್ಟೇಟುಗಳಿಗೆ ಬರಬೇಕು. ಮಧ್ಯಾಹ್ನದ ಬಿಡುವಿನಲ್ಲಿ, ಪುಕ್ಕಟೆಯಾಗಿ, ಕನ್ನಡದಲ್ಲಿ ಮಾತನಾಡಬೇಕು. ಕೇಳಿದವರು ಪ್ರಶ್ನೆ ಹಾಕಬೇಕು.

ಹೊಟ್ಟೆಗೆ ಹಿಟ್ಟಿಲ್ಲದವನ ಜುಟ್ಟಿಗೆ ಮಲ್ಲಿಗೆ ಹೂವೇ ಎಂದು ಕೆಲವು ಮಿತ್ರರು ನಗಬಹುದು. ಭೂಮಿಯ ಹಕ್ಕುಪತ್ರವೇ ಕೈಗೆ ಬಾರದವನಿಗೆ ಭೂವಿಜ್ಞಾನದ ಉಪನ್ಯಾಸವೇಕೆ ಎಂದು ಕೇಳಬಹುದು. ನಗುವ ಮೊದಲು ಎರಡು ತಾರೀಕುಗಳನ್ನು ನೆನಪು ಮಾಡಿಕೊಳ್ಳಲಿ ಎಂದು ಬೇಡುತ್ತೇವೆ.

2024ರ ಜುಲೈ 16. ಉತ್ತರ ಕನ್ನಡದ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ, ಗಂಗಾವಳಿ ಹೊಳೆಯ ಪಕ್ಕದ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ರಸ್ತೆ ಬದಿಯಲ್ಲಿ ಚಹಾದಂಗಡಿ ಇಟ್ಟುಕೊಂಡಿದ್ದ ಸಂಸಾರ, ಅಲ್ಲಿ ಲಾರಿ ನಿಲ್ಲಿಸಿದ ಚಾಲಕರು, ಹೀಗೆ ಹನ್ನೊಂದು ಮಂದಿಯನ್ನು ನಾಡು ಕಳೆದುಕೊಂಡಿತು. ಎರಡು ವಾರ ಕಳೆಯಲಿಲ್ಲ, ಜುಲೈ 30ರ ನಸುಕಿಗೆ ಮುಂಚೆ, ಕೇರಳದ ವಯನಾಡಿನಲ್ಲಿ ಮುಂಡಕ್ಕೈ, ಚೂರಲ್‌ಮಲ ಎಂಬ ಊರುಗಳ ಮೇಲೆ ಬೆಟ್ಟವೇ ಹೊಳೆಯಾಗಿ ಹರಿದು ಬಂತು. ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಸತ್ತವರಲ್ಲಿ ಚಹಾ ತೋಟದ ಕೂಲಿ ಲೈನುಗಳಲ್ಲಿ ಮಲಗಿದ್ದವರೂ ಇದ್ದರು. ಬೆಟ್ಟ ಕುಸಿದಾಗ ಮೊದಲು ಸಾಯುವವನು ಬೆಟ್ಟದ ಬುಡದಲ್ಲಿ ದುಡಿಯುವವನೇ. ಮನೆ ಕಟ್ಟಲು ಗಟ್ಟಿ ನೆಲವನ್ನು ಆರಿಸಿಕೊಳ್ಳುವ ಅನುಕೂಲ ಅವನಿಗೆಲ್ಲಿದೆ? ಎಲ್ಲಿ ಲೈನು ಕಟ್ಟಿದರೋ ಅಲ್ಲಿ ಮಲಗುತ್ತಾನೆ.

ಹಾಗಾದರೆ ಬೆಟ್ಟದ ವಿದ್ಯೆ ಅವನ ಪಾಲಿಗೆ ಮಲ್ಲಿಗೆ ಹೂವಲ್ಲ, ಹಿಟ್ಟಿನಷ್ಟೇ ಅಗತ್ಯವಾದ ವಸ್ತು.

ಆ ವಿದ್ಯೆ ಕಷ್ಟದ್ದೂ ಅಲ್ಲ. ನಮ್ಮ ಕರಾವಳಿ ಮತ್ತು ಘಟ್ಟದ ಅನೇಕ ಇಳಿಜಾರುಗಳಲ್ಲಿ ಮೇಲೆ ಜಂಬಿಟ್ಟಿಗೆ ಕಲ್ಲು, ಕೆಳಗೆ ಶೇಡಿ ಮಣ್ಣು. ಜಂಬಿಟ್ಟಿಗೆಯ ತೂತು ಬಿರುಕುಗಳಲ್ಲಿ ಮಳೆಯ ನೀರು ಸುಲಭವಾಗಿ ಇಳಿಯುತ್ತದೆ. ಶೇಡಿ ಮಣ್ಣು ಅದನ್ನು ಅಷ್ಟು ಸುಲಭವಾಗಿ ಕೆಳಕ್ಕೆ ಬಿಡುವುದಿಲ್ಲ. ನಾಲ್ಕಾರು ದಿನ ಬಿಡದೆ ಸುರಿದರೆ ನೀರು ಅಲ್ಲಿ ತುಂಬಿಕೊಳ್ಳುತ್ತದೆ, ಮಣ್ಣಿನ ಕಣಗಳನ್ನು ಒಂದರಿಂದೊಂದು ದೂರ ತಳ್ಳುತ್ತದೆ, ಹಿಡಿತ ಸಡಿಲುತ್ತದೆ. ಇಳಿಜಾರಿನ ಬುಡ ಗಟ್ಟಿಯಾಗಿದ್ದರೆ ಮೇಲಿನ ಭಾರವನ್ನು ಅದು ತಡೆದು ನಿಲ್ಲಿಸುತ್ತದೆ. ಆ ಬುಡವನ್ನೇ ರಸ್ತೆಗೆಂದೋ, ಮನೆಗೆಂದೋ, ರೆಸಾರ್ಟಿಗೆಂದೋ ಗೋಡೆಯ ಹಾಗೆ ನೇರವಾಗಿ ಕಡಿದರೆ ತಡೆಯುವುದು ಏನು? 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜಾರಿದಾಗ ಪರಿಶೀಲನೆಗೆ ಬಂದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು, ರಸ್ತೆ ಮತ್ತು ಮನೆಗಳಿಗಾಗಿ ಇಳಿಜಾರು ಕಡಿದದ್ದನ್ನು ಕಾರಣಗಳಲ್ಲೊಂದಾಗಿ ಎತ್ತಿ ತೋರಿಸಿದರು.

ಬೆಟ್ಟ ಅನೇಕ ಸಲ ಮುನ್ಸೂಚನೆಯನ್ನೂ ಕೊಡುತ್ತದೆ. ನೆಲದಲ್ಲಿ ಹೊಸ ಬಿರುಕು ಕಾಣುತ್ತದೆ. ನೆಟ್ಟಗಿದ್ದ ಮರವೋ ಕಂಬವೋ ವಾಲುತ್ತದೆ. ಇಲ್ಲದ ಕಡೆ ಒರತೆ ಹುಟ್ಟುತ್ತದೆ. ತಿಳಿಯಾಗಿದ್ದ ಒರತೆ ಕೆಂಪಗಾಗುತ್ತದೆ. ಎಲ್ಲಕ್ಕಿಂತ ಅಪಾಯದ ಸೂಚನೆಯೆಂದರೆ, ಮಳೆ ಸುರಿಯುತ್ತಿರುವಾಗಲೇ ಹಳ್ಳದ ನೀರು ಇದ್ದಕ್ಕಿದ್ದಂತೆ ಇಳಿಯುವುದು. ಅಂದರೆ ಮೇಲೆಲ್ಲೋ ಮಣ್ಣು ಮರ ಬಿದ್ದು ನೀರು ಕಟ್ಟಿಕೊಂಡಿರಬಹುದು. ಆ ಕಟ್ಟೆ ಒಡೆದರೆ ಕೆಳಗಿನವರಿಗೆ ಓಡಲು ಸಮಯವಿರುವುದಿಲ್ಲ. ಇಷ್ಟನ್ನು ತಿಳಿಸಲು ಅರ್ಧ ಗಂಟೆ ಸಾಕು. ಈ ಅರ್ಧ ಗಂಟೆಯ ಪಾಠ ಶಿರಾಡಿಯಿಂದ ಜೋಗದವರೆಗಿನ ಎಷ್ಟು ಊರುಗಳಲ್ಲಿ ನಡೆದಿದೆ ಎಂದು ನಾವು ಕೇಳುತ್ತೇವೆ.

ವಿದ್ಯೆ ಇಲ್ಲವೆಂದಲ್ಲ, ಬೇಕಾದಷ್ಟಿದೆ. ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನಾ ಕೇಂದ್ರವಿದೆ. ಶಿರಸಿಯಲ್ಲಿ, ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜುಗಳಿವೆ. ಶಂಕರಘಟ್ಟದಲ್ಲಿ ವಿಶ್ವವಿದ್ಯಾಲಯವಿದೆ. ಆಗುಂಬೆಯಲ್ಲಿ ಮಳೆಕಾಡಿನ ಸಂಶೋಧನಾ ಕೇಂದ್ರವಿದೆ. ಘಟ್ಟವನ್ನು ಓದಿ ಪದವಿ ಪಡೆದವರ ಸಂಖ್ಯೆ ಚಿಕ್ಕದಲ್ಲ. ನಮ್ಮ ಗುಡ್ಡದ ಮಣ್ಣು ಚೀಲದಲ್ಲಿ ತುಂಬಿ ಹೋಗುತ್ತದೆ. ಇಂಗ್ಲಿಷಿನ ಪ್ರಬಂಧವಾಗಿ ದೂರದ ಪತ್ರಿಕೆಗಳಲ್ಲಿ ಅಚ್ಚಾಗುತ್ತದೆ. ಗುಡ್ಡಕ್ಕೆ ಮಾತ್ರ ಹಿಂದಿರುಗುವುದಿಲ್ಲ. ಮಣ್ಣು ನಮ್ಮದು, ಬಹುಪಾಲು ಖರ್ಚು ಸಾರ್ವಜನಿಕರದು, ಫಲ ಯಾರದು? ವಿಜ್ಞಾನಿಗಳ ಮೇಲೆ ನಮಗೆ ದ್ವೇಷವಿಲ್ಲ. ಅವರಲ್ಲಿ ಅನೇಕರು ಜಿಗಣೆ ಕಡಿಸಿಕೊಂಡು ಕಾಡಿನಲ್ಲಿ ತಿಂಗಳುಗಟ್ಟಲೆ ನೆನೆದವರು. ಆದರೆ ಕಲಿತದ್ದನ್ನು ಊರಿಗೆ ಹೇಳಿ ಹೋಗಬೇಕೆಂಬ ಕಟ್ಟುಪಾಡು ಅವರ ಸಂಸ್ಥೆಗಳಲ್ಲಿಲ್ಲ. ನಮ್ಮ ತಕರಾರು ಅದು.

ಹೇಳದೆ ಹೋದರೆ ಏನಾಗುತ್ತದೆಂಬುದಕ್ಕೆ ಪಶ್ಚಿಮ ಘಟ್ಟದ ವರದಿಗಳ ಕತೆಗಿಂತ ಬೇರೆ ಸಾಕ್ಷಿ ಬೇಡ. ಮಾಧವ ಗಾಡ್ಗೀಳರ ಅಧ್ಯಕ್ಷತೆಯ ಸಮಿತಿ 2011ರ ಆಗಸ್ಟಿನಲ್ಲಿ ಕೇಂದ್ರ ಸರಕಾರಕ್ಕೆ ವರದಿ ಕೊಟ್ಟಿತು. ಯಾವ ಊರಿನಲ್ಲಿ ಏನಿರಬೇಕು, ಏನಿರಬಾರದು ಎಂಬುದನ್ನು ಗ್ರಾಮಸಭೆಗಳಲ್ಲಿ ಚರ್ಚಿಸಿ ಕೆಳಗಿನಿಂದ ಮೇಲಕ್ಕೆ ತೀರ್ಮಾನಿಸಬೇಕೆಂಬುದು ಅದರ ಮುಖ್ಯ ಮಾತುಗಳಲ್ಲೊಂದು. ಸರಕಾರ ಮಾಡಿದ್ದೇನು? ವರದಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿತು. ಮಾಹಿತಿ ಹಕ್ಕಿನ ಕಾಯಿದೆಯಡಿ ಹೋರಾಡಿ, ದೆಹಲಿಯ ಹೈಕೋರ್ಟಿನವರೆಗೆ ವ್ಯಾಜ್ಯ ನಡೆದ ಮೇಲೆ, 2012ರ ಮೇ ತಿಂಗಳಲ್ಲಿ ಅದು ಹೊರಗೆ ಬಂತು. 2013ರಲ್ಲಿ ಕಸ್ತೂರಿರಂಗನ್ ಸಮಿತಿಯ ವರದಿ ಬಂತು. 2014ರಿಂದ ಕರಡು ಅಧಿಸೂಚನೆಗಳು ಒಂದರ ಹಿಂದೊಂದು ಬಂದವು. ಆರನೆಯದು ಹೊರಬಿದ್ದದ್ದು 2024ರ ಜುಲೈ 31ರಂದು, ವಯನಾಡಿನ ಹೆಣಗಳನ್ನು ಇನ್ನೂ ಎತ್ತುತ್ತಿದ್ದಾಗ.

ಇಷ್ಟೆಲ್ಲ ವರ್ಷಗಳಲ್ಲಿ ಮಲೆನಾಡಿನ ರೈತನಿಗೆ ತಿಳಿದದ್ದೇನು? “ವರದಿ ಬಂದರೆ ನಿಮ್ಮನ್ನು ಒಕ್ಕಲೆಬ್ಬಿಸುತ್ತಾರೆ” ಎಂಬ ಒಂದೇ ಮಾತು. ಅದನ್ನು ಹೇಳಿದವರಲ್ಲಿ ಎಷ್ಟು ಮಂದಿ ವರದಿಯನ್ನು ಓದಿದ್ದರೋ ದೇವರೇ ಬಲ್ಲ. ರೈತನ ಭಯವನ್ನು ನಾವು ಹಗುರಾಗಿ ಕಾಣುವುದಿಲ್ಲ. ಅರಣ್ಯ ಇಲಾಖೆಯ ನೋಟೀಸು ಕಂಡವನಿಗೆ ಆ ಭಯ ನಿಜ. ಆದರೆ ಕತ್ತಲೆಯಲ್ಲಿಟ್ಟ ಜನರ ಭಯವನ್ನು ಯಾರು ಬೇಕಾದರೂ ಬಾಡಿಗೆಗೆ ಹಿಡಿಯಬಹುದು. ಕಲ್ಲುಕ್ವಾರಿಯ ಧಣಿ ಹಿಡಿದ, ರೆಸಾರ್ಟಿನ ಸಾಹುಕಾರ ಹಿಡಿದ; ಎರಡು ಎಕರೆಯ ಬಡ ರೈತನನ್ನು ಮುಂದೆ ನಿಲ್ಲಿಸಿ ತಾನು ಅವನ ಬೆನ್ನ ಹಿಂದೆ ನಿಂತ. ವರದಿಯನ್ನು ಒಪ್ಪುವುದೋ ಬಿಡುವುದೋ, ಆ ಹಕ್ಕು ಜನರದು. ಆದರೆ ಓದಿ ಕೇಳಿ ಬಿಡುವುದು ಬೇರೆ, ಕೇಳದೆ ಬೈಯುವುದು ಬೇರೆ.

ದುಡಿಯುವವರಿಗೆ ವಿಜ್ಞಾನ ಅರ್ಥವಾಗದೆಂಬ ಮಾತೂ ಉಂಟು. 1868ರಲ್ಲಿ ಇಂಗ್ಲೆಂಡಿನ ನಾರ್ವಿಚ್ ಪಟ್ಟಣದಲ್ಲಿ ಥಾಮಸ್ ಹೆನ್ರಿ ಹಕ್ಸ್‌ಲಿ ಎಂಬ ದೊಡ್ಡ ವಿಜ್ಞಾನಿ ಅಲ್ಲಿನ ಕಾರ್ಮಿಕರ ಮುಂದೆ ನಿಂತು ಉಪನ್ಯಾಸ ಮಾಡಿದ. ವಿಷಯ, ಒಂದು ಸುಣ್ಣದ ಕಡ್ಡಿ. ಬಡಗಿ ಗುರುತು ಹಾಕಲು ಜೇಬಿನಲ್ಲಿಟ್ಟುಕೊಳ್ಳುವಂಥದು. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳ ಚಿಪ್ಪು ಕಡಲ ತಳದಲ್ಲಿ ಯುಗಯುಗಾಂತರ ಬಿದ್ದು ಆ ಸುಣ್ಣವಾದ ಬಗೆಯಿಂದ ಹಿಡಿದು ತಮ್ಮ ಕಾಲ ಕೆಳಗಿನ ನೆಲದ ಚರಿತ್ರೆಯವರೆಗೆ ಆ ಕಾರ್ಮಿಕರು ಕೇಳಿದರು. ಲಂಡನ್ನಿನ ಗ್ರೆಶಮ್ ಕಾಲೇಜಿನಲ್ಲಿ 1597ರಿಂದ ಪುಕ್ಕಟೆ ಸಾರ್ವಜನಿಕ ಉಪನ್ಯಾಸಗಳು ನಡೆದುಕೊಂಡು ಬಂದಿವೆ. ನಮ್ಮಲ್ಲೂ 1918ರ ಹೊತ್ತಿಗೇ ಬೆಳ್ಳಾವೆ ವೆಂಕಟನಾರಣಪ್ಪನವರು ಮತ್ತು ನಂಗಪುರಂ ವೆಂಕಟೇಶಯ್ಯಂಗಾರ್ಯರು ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಕನ್ನಡದಲ್ಲಿ ಹೊರಡಿಸಿದರು. ಅದು ಬಹುಕಾಲ ಬಾಳಲಿಲ್ಲ. ಆದರೆ ಕನ್ನಡದಲ್ಲಿ ವಿಜ್ಞಾನ ಹೇಳಬಹುದೇ ಎಂಬ ಪ್ರಶ್ನೆಗೆ ಶತಮಾನದ ಹಿಂದೆಯೇ ಉತ್ತರ ಸಿಕ್ಕಿತು. ಹಕ್ಸ್‌ಲಿಗೆ ಸುಣ್ಣದ ಕಡ್ಡಿ ಸಾಕಾದರೆ ನಮ್ಮ ಪ್ರಾಧ್ಯಾಪಕರಿಗೆ ಒಂದು ಮುಷ್ಟಿ ಶೇಡಿ ಮಣ್ಣು ಸಾಲದೆ?

ಜನ ಕಲಿತರೆ ಏನಾಗಬಹುದೆಂಬುದನ್ನೂ ವಯನಾಡೇ ತೋರಿಸಿತು. ಕಲ್ಪೆಟ್ಟದ ಹ್ಯೂಮ್ ಕೇಂದ್ರವೆಂಬ ಸಂಸ್ಥೆ ರೈತರನ್ನೂ ಎಸ್ಟೇಟಿನವರನ್ನೂ ಸೇರಿಸಿಕೊಂಡು ಜಿಲ್ಲೆಯಲ್ಲಿ ಸುಮಾರು ಇನ್ನೂರು ಮಳೆಮಾಪಕಗಳ ಲೆಕ್ಕ ಇಡುತ್ತಿತ್ತು. ಪುತ್ತುಮಲದಲ್ಲಿ ಒಂದೇ ದಿನದಲ್ಲಿ 200 ಮಿಲಿಮೀಟರ್ ಮಳೆಯಾಗಿದೆ, ಅಪಾಯವಿದೆ ಎಂದು ಅದು ಜುಲೈ 29ರಂದೇ ಜಿಲ್ಲಾಡಳಿತಕ್ಕೆ ತಿಳಿಸಿತ್ತೆಂದು ಪತ್ರಿಕೆಗಳು ವರದಿ ಮಾಡಿದವು. ಎಚ್ಚರಿಕೆ ಮೇಲಿನವರಿಗೆ ಮುಟ್ಟಿದರೆ ಸಾಲದು, ಲೈನಿನ ಕೊನೆಯ ಮನೆಗೂ ಮುಟ್ಟಬೇಕು. ಮುಟ್ಟಿದಾಗ ಅದರ ಅರ್ಥ ಆ ಮನೆಯವರಿಗೆ ಮೊದಲೇ ಗೊತ್ತಿರಬೇಕು. ನಮ್ಮ ರಾಜ್ಯದಲ್ಲಿಯೂ ಗ್ರಾಮ ಪಂಚಾಯ್ತಿಗಳಲ್ಲಿ ತಾನಾಗಿ ಮಳೆ ಅಳೆಯುವ ಯಂತ್ರಗಳಿವೆ. ಅಂಕಿ ಕ್ಷಣದಲ್ಲಿ ಬೆಂಗಳೂರಿಗೆ ಹೋಗುತ್ತದೆ. ಯಂತ್ರದ ಪಕ್ಕದಲ್ಲೇ ದನ ಕಟ್ಟುವವನಿಗೆ ಆ ಅಂಕಿ ಎಷ್ಟಾದರೆ ಮನೆ ಬಿಡಬೇಕೆಂದು ಹೇಳುವವರು ಯಾರು?

ಇನ್ನು ನಮ್ಮ ಶರತ್ತುಗಳು. ಮಧ್ಯಾಹ್ನದ ಹೊತ್ತು ಎಂದೆವು. ಆದರೆ ಎಲ್ಲರ ಮಧ್ಯಾಹ್ನವೂ ಒಂದೇ ಅಲ್ಲ. ತಾಲ್ಲೂಕು ಕಚೇರಿಯ ಜಗಲಿಯಲ್ಲಿ ಕಾಯುವವನಿಗೆ ಆ ಹೊತ್ತು ಬಿಟ್ಟಿ ಹೋಗುವ ಕಾಲ. ಎಸ್ಟೇಟಿನ ಹೆಣ್ಣಾಳಿಗೆ ಅದು ಬೆನ್ನು ನೆಟ್ಟಗೆ ಮಾಡುವ, ಕೂಸಿಗೆ ಹಾಲು ಕೊಡುವ ಹೊತ್ತು. 1951ರ ತೋಟ ಕಾರ್ಮಿಕರ ಕಾಯಿದೆ ಐದು ಗಂಟೆಯ ದುಡಿಮೆಗೆ ಕನಿಷ್ಠ ಅರ್ಧ ಗಂಟೆ ಬಿಡುವೆಂದು ಗೊತ್ತುಮಾಡಿತು. ಆ ಅರ್ಧ ಗಂಟೆಯನ್ನು ವಿಜ್ಞಾನದ ಹೆಸರಿನಲ್ಲಿಯೂ ಯಾರೂ ಕಸಿಯಕೂಡದು. ಉಪನ್ಯಾಸದ ದಿನ ಊಟದ ಬಿಡುವಿನ ಜೊತೆಗೆ ಇನ್ನೊಂದು ಅರ್ಧ ಗಂಟೆಯನ್ನು ಮಾಲೀಕ ಕೂಲಿ ಸಹಿತ ಕೊಡಬೇಕು. ಲೈನು ಕಟ್ಟಿದ ಇಳಿಜಾರಿನ ಗುಣದೋಷ ತಿಳಿಯುವುದು ಕಾರ್ಮಿಕನ ಹಕ್ಕು, ತಿಳಿಸುವುದು ಮಾಲೀಕನ ಹೊಣೆ.

ಕನ್ನಡದಲ್ಲಿ ಎಂದೆವು, ಎಸ್ಟೇಟುಗಳಲ್ಲಿ ತಮಿಳು, ಹಿಂದಿ, ಅಸ್ಸಾಮಿಯಲ್ಲಿಯೂ ಆಗಬೇಕು. ಸಾವಿಗೆ ಭಾಷೆಯ ಭೇದವಿಲ್ಲ. ಮಾತಿಗೆ ಅರ್ಧ ಹೊತ್ತಾದರೆ ಪ್ರಶ್ನೆಗೆ ಅರ್ಧ ಹೊತ್ತು ಮೀಸಲಿಡಬೇಕು. ಯಾವ ಒರತೆ ಯಾವ ಮಳೆಗೆ ಏಳುತ್ತದೆ, ಯಾವ ಧರೆ ಎಂದು ಜಾರಿತ್ತು ಎಂಬುದು ಊರಿನ ಅಜ್ಜನಿಗೆ ಗೊತ್ತು. ಅದನ್ನು ಪ್ರಾಧ್ಯಾಪಕರು ಬರೆದುಕೊಳ್ಳಲಿ. ಅಜ್ಜ ಕಂಡ ಗುಡ್ಡ ಈಗಿಲ್ಲ, ಅದರ ಬುಡವನ್ನು ಜೆಸಿಬಿ ತಿಂದಿದೆ, ಮಳೆಯ ರೀತಿಯೂ ಬದಲಾಗಿದೆ. ಅದನ್ನು ಅಜ್ಜ ಅವರಿಂದ ಕೇಳಿಕೊಳ್ಳಲಿ. ವಿಜ್ಞಾನಿಯ ಬೆನ್ನಿಗೆ ಅರಣ್ಯ ಇಲಾಖೆಯ ಜೀಪು ಬರಕೂಡದು. ಕಲಿಸಲು ಬಂದವನು ಒಕ್ಕಲೆಬ್ಬಿಸಲು ಬಂದವನೆಂಬ ಸಂಶಯ ಒಮ್ಮೆ ಹುಟ್ಟಿದರೆ ಜಗಲಿ ಖಾಲಿಯಾಗುತ್ತದೆ.

ಖರ್ಚು? ಒಬ್ಬ ಉಪನ್ಯಾಸಕರ ಬಸ್ಸಿನ ಚಾರ್ಜು, ಒಂದು ಕರಿಹಲಗೆ, ಶಾಲೆಯಲ್ಲಿ ಬಿಟ್ಟು ಹೋಗಲು ಒಂದು ಮಳೆಮಾಪಕ. ಕುಸಿದ ಮೇಲೆ ಮಂತ್ರಿಗಳು ನೋಡಲು ಬರುವ ಹೆಲಿಕಾಪ್ಟರಿನ ಒಂದು ಸುತ್ತಿನ ಹಣ ಎಷ್ಟು ತಾಲ್ಲೂಕುಗಳಿಗೆ ಸಾಕಾದೀತೆಂದು ಹಣಕಾಸು ಇಲಾಖೆ ಲೆಕ್ಕ ಹಾಕಲಿ.

1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತಾಗ ಜಗಳದ ಒಂದು ಮೂಲ ಕೊಳಗದ ಅಳತೆಯಾಗಿತ್ತು. ಗೇಣಿ ಭತ್ತ ಅಳೆಯುವ ಕೊಳಗ ಧಣಿಯದು. ಅದು ಎಷ್ಟು ಸೇರು ಹಿಡಿಯುತ್ತದೆಂಬ ಮಾತೂ ಧಣಿಯದೇ. ಅಳತೆ ಯಾರ ಕೈಯಲ್ಲಿದೆಯೋ ನ್ಯಾಯ ಅವನ ಕಡೆ ವಾಲುತ್ತದೆಂಬುದನ್ನು ಆ ಜನ ಯಾವ ಕಾಲೇಜಿಗೂ ಹೋಗದೆ ಅರಿತಿದ್ದರು. ಇಂದು ಬೆಟ್ಟದ ಮಳೆಯನ್ನು ಅಳೆಯುವ ಕೊಳಗವೂ, ಇಳಿಜಾರನ್ನು ಅಳೆಯುವ ಕೋಲೂ ಊರಿನವರ ಕೈಯಲ್ಲಿಲ್ಲ. ಅವನ್ನು ಊರಿಗೆ ತರಬೇಕು.

ಜಿಲ್ಲಾ ಪಂಚಾಯ್ತಿ, ವಿಶ್ವವಿದ್ಯಾಲಯ, ತಾಲ್ಲೂಕು ಕಚೇರಿ ಈ ಮೂವರಲ್ಲಿ ಯಾರು ಮೊದಲು ಮುಂದೆ ಬರುತ್ತಾರೋ ನೋಡೋಣ. ಬಾರದಿದ್ದರೆ ನಮ್ಮ ಸಂಗಾತಿಗಳೇ ಒಬ್ಬ ಮೇಷ್ಟರನ್ನು ಕರೆತಂದು ಸಂತೆಯ ಮೂಲೆಯಲ್ಲಿ ಕರಿಹಲಗೆ ನಿಲ್ಲಿಸಲಿ. ಮುಂಗಾರು ಕಾಯುವುದಿಲ್ಲ. ಅದಕ್ಕೆ ಮೊದಲು ಪಾಠ ಸುರುವಾಗಬೇಕು.